ಡಾಫ್ನಿಯಾದ ಹೊಟ್ಟೆಯೊಳಗೆ

ಇವತ್ತು ಮೈಕ್ರೋಸ್ಕೋಪ್ ಕೆಳಗೆ ಒಂದು ಡಾಫ್ನಿಯಾ ಸಿಕ್ಕಿತ್ತು. ಸಿಗಡಿಯ ದೂರದ ನೆಂಟ, ಸಿಹಿನೀರಿನ ಜೀವಿ. ಉದ್ದ ಒಂದೆರಡು ಮಿಲಿಮೀಟರ್ ಅಷ್ಟೇ. ಮೈ ಪೂರ್ತಿ ಪಾರದರ್ಶಕ, ಹೃದಯ ಬಡಿಯುವುದೂ ಕಾಣುತ್ತದೆ.

ನನ್ನ ಕಣ್ಣು ಮಾತ್ರ ಅದರ ಕರುಳಿನ ಮೇಲೇ ನಿಂತಿತು. ಬಾಗಿದ ಒಂದು ಹಸಿರು ಗೆರೆ. ತಿಂದ ಪಾಚಿಯ ಬಣ್ಣ.

ಆ ಗೆರೆಯೊಳಗೆ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವೇ ಇದೆ. ಸುಮ್ನೆ ಬಂದು ಕೂತವಲ್ಲ. ಬ್ಯಾಕ್ಟೀರಿಯಾ ಇಲ್ಲದಂತೆ ಲ್ಯಾಬ್‌ನಲ್ಲಿ ಬೆಳೆಸಿದರೆ ಡಾಫ್ನಿಯಾ ಸಣ್ಣದಾಗೇ ಉಳಿಯುತ್ತದೆ, ಮರಿಗಳೂ ಕಡಿಮೆ.

ನೀರು ಬಿಸಿಯಾದರೆ, ಆ್ಯಂಟಿಬಯಾಟಿಕ್ ಬೆರೆತರೆ ಈ ಸಂಸಾರದಲ್ಲಿ ಯಾರಿರಬೇಕು, ಯಾರು ಜಾಸ್ತಿಯಾಗಬೇಕು ಅನ್ನೋದೇ ಬದಲಾಗುತ್ತದೆ.

2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಗೊಬ್ಬರದ ಅಂಶ ಹರಿದು ಬಂದು ಸೇರಿದ ಕೆರೆಗಳಲ್ಲಿ ಮೈಕ್ರೋಸಿಸ್ಟಿಸ್ ಅನ್ನೋ ವಿಷಕಾರಿ ನೀಲಿ-ಹಸಿರು ಪಾಚಿ ಹಬ್ಬುತ್ತದಲ್ಲ, ಅದನ್ನು ತಿಂದು ಪಳಗಿದ ಡಾಫ್ನಿಯಾಗಳ ಕರುಳಿನ ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಇಲ್ಲದ ಮರಿಗಳಿಗೆ ದಾಟಿಸಿದರು. ಆ ಮರಿಗಳು ವಿಷವನ್ನು ಹೆಚ್ಚು ತಡೆದುಕೊಂಡವು! ಎಲ್ಲ ತಳಿಯ ಡಾಫ್ನಿಯಾದಿಂದ ತೆಗೆದ ಬ್ಯಾಕ್ಟೀರಿಯಾವೂ ಅಷ್ಟೇ ಕೆಲಸ ಮಾಡಲಿಲ್ಲ ಅನ್ನಿ, ಕೊಟ್ಟ ಡಾಫ್ನಿಯಾದ ವಂಶವೂ ಲೆಕ್ಕಕ್ಕೆ ಬಂತು. ಆದರೂ, ತಾಳಿಕೆಯನ್ನು ಹೀಗೆ ಒಬ್ಬರಿಂದ ಒಬ್ಬರಿಗೆ ಕೊಡಬಹುದು ಅನ್ನೋದೇ ಮಜಾ ಅಲ್ವಾ?

ಹೊಸ ರಾಸಾಯನಿಕ ನೀರಿಗೆ ಎಷ್ಟು ಅಪಾಯ ಅಂತ ನೋಡಲು ಮೊದಲು ಬಳಸುವುದೂ ಡಾಫ್ನಿಯಾವನ್ನೇ. 48 ಗಂಟೆ ಬಿಟ್ಟು ಅದು ಈಜುತ್ತಿದೆಯಾ, ನಿಂತುಹೋಯಿತಾ ಅಂತ ಎಣಿಸುತ್ತಾರೆ. ಕರುಳಿನೊಳಗೆ ಯಾರು ಉಳಿದರು ಅಂತ ಆ ಪರೀಕ್ಷೆ ಕೇಳುವುದೇ ಇಲ್ಲ. ನನ್ನ ಕೇಳಿದರೆ, ಅದನ್ನೂ ಸೇರಿಸಬೇಕು.