ಕಾರು ನಿಲ್ಲುವಲ್ಲಿಂದ ಜಲ್ಲಿ ಶುರು: ಡೆನಾಲಿಯಲ್ಲಿ ಒಂದು ದಿನ

ಅಲಾಸ್ಕಾದ ಡೆನಾಲಿ ನ್ಯಾಷನಲ್ ಪಾರ್ಕಿನೊಳಗೆ ಇರುವುದು ಒಂದೇ ರಸ್ತೆ. 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಅದರಲ್ಲಿ ಮೊದಲ 15 ಮೈಲಿ ಮಾತ್ರ ಡಾಂಬರು. ಸ್ಯಾವೇಜ್ ನದಿ ಹತ್ತಿರ ಡಾಂಬರು ಮುಗಿಯುತ್ತದೆ, ಸ್ವಂತ ಕಾರಲ್ಲಿ ಬಂದವರು ಬೇಸಿಗೆಯಲ್ಲಿ ಅಲ್ಲೇ ನಿಲ್ಲಬೇಕು. ಮುಂದೆ ಪಾರ್ಕಿನ ಬಸ್ಸು ಹತ್ತಬೇಕು, ಇಲ್ಲ ನಡೆಯಬೇಕು. ಅಥವಾ ಸೈಕಲ್ ತುಳಿಯಬಹುದು! ಒಂದು ದಿನದ ಸವಾರಿಗೆ ಬೇರೆ ಪರ್ಮಿಟ್ ಕೂಡ ಬೇಡ. ಇದು ಗೊತ್ತಾದ ಮೇಲೆ ಆ ವರ್ಷದ ರಜೆಗೆ ನನಗೆ ಬೇರೆ ಯಾವ ಊರೂ ಬೇಡವಾಯಿತು.

ನಾನಿರುವುದು ಸಿಯಾಟಲ್‌ನಲ್ಲಿ. ಕಾಲೇಜಿನ ಗೆಳೆಯನೊಬ್ಬ, ಧಾರವಾಡದವನು, ಆಂಕರೇಜ್‌ನಲ್ಲಿದ್ದಾನೆ. ಅವನ ಹತ್ತಿರ ಎರಡು ಗ್ರಾವೆಲ್ ಬೈಕ್ ಇವೆ, ಅಂದರೆ ಜಲ್ಲಿ ರಸ್ತೆಗೆಂದೇ ಮಾಡಿದ ಸೈಕಲ್. ನೋಡಲು ರೇಸಿಂಗ್ ಸೈಕಲ್ಲಿನ ಹಾಗೇ ಇರುತ್ತದೆ, ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತದೆ, ಆದರೆ ಟೈರು ದಪ್ಪ. ನಮ್ಮವು 45 ಮಿಲಿಮೀಟರ್, ಒಳಗೆ ಟ್ಯೂಬ್ ಇಲ್ಲ, ಸಣ್ಣ ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುವ ದ್ರವ ತುಂಬಿರುತ್ತಾರೆ. ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಜಲ್ಲಿ ಮೇಲೆ ಟೈರು ಪುಟಿಯುವುದಿಲ್ಲ, ಕಲ್ಲನ್ನು ಅಪ್ಪಿಕೊಂಡೇ ಹೋಗುತ್ತದೆ.

ಜೂನ್ ತಿಂಗಳು. ಅಲ್ಲಿ ಆಗ ಕತ್ತಲು ಅಂತ ಒಂದು ಆಗುವುದೇ ಇಲ್ಲ, ಸೂರ್ಯ ಮುಳುಗುವುದು ನಡುರಾತ್ರಿ ಹೊತ್ತಿಗೆ. ಹಾಗಾಗಿ ಯಾವ ಅವಸರವೂ ಇರಲಿಲ್ಲ. ಸ್ಯಾವೇಜ್‌ನಲ್ಲಿ ಕಾರು ಬಿಟ್ಟು, ಊಟದ ಪೊಟ್ಟಣ, ಮಳೆಕೋಟು, ಪಂಪು, ಕರಡಿ ಮೈಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ ಎಲ್ಲ ಹೊತ್ತು ಬೆಳಿಗ್ಗೆ ಹೊರಟೆವು. ಸೇತುವೆ ದಾಟಿದ್ದೇ ತಡ, ಟೈರಿನ ಸದ್ದೇ ಬೇರೆ ಆಯಿತು. ಡಾಂಬರಿನ ಮೇಲಿನ ಆ ಸಣ್ಣ ಗುಂಯ್ ಹೋಗಿ ಕರಕರ ಶುರು. ಈ ರಸ್ತೆಯನ್ನು 1923ರಿಂದ 1938ರವರೆಗೆ ಕಟ್ಟಿದ್ದಾರೆ, ಈಗಲೂ ಹೆಚ್ಚಿನ ಭಾಗ ಹಾಗೇ ಕಿರಿದು. ಬಸ್ಸಿನ ಚಕ್ರ ಓಡಿ ಓಡಿ ಎರಡು ಗಟ್ಟಿ ಜಾಡು ಬಿದ್ದಿದೆ, ನಡುವೆ ಮತ್ತು ಅಂಚಿನಲ್ಲಿ ಸಡಿಲ ಜಲ್ಲಿ ಗುಡ್ಡೆಯಾಗಿ ಕೂತಿರುತ್ತದೆ. ಒಂದು ಜಾಡಿನಿಂದ ಇನ್ನೊಂದಕ್ಕೆ ದಾಟುವಾಗ ಹ್ಯಾಂಡಲ್ ಬಿಗಿ ಹಿಡಿದರೆ ಮುಂದಿನ ಚಕ್ರ ಜಾರುತ್ತದೆ. ಕೈ ಸಡಿಲ ಬಿಟ್ಟು, ಕಣ್ಣು ದೂರ ಇಟ್ಟು, ಪೆಡಲ್ ಮಾತ್ರ ನಿಲ್ಲಿಸದೆ ತುಳಿಯುತ್ತಿದ್ದರೆ ಸೈಕಲ್ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಗೆರೆಗೆರೆಯಾಗಿ ಅಲೆ ಎದ್ದ ಕಡೆ ಸೀಟಿನಿಂದ ಸ್ವಲ್ಪ ಎದ್ದು ಮೊಣಕೈ ಮಡಚಿಕೊಳ್ಳಬೇಕು, ಇಲ್ಲಾಂದ್ರೆ ಹಲ್ಲು ಕಟಕಟ ಅನ್ನುತ್ತದೆ.

ಎದುರಿಂದ ಬಸ್ಸು ಬಂದರೆ ನಾವು ಬದಿಗೆ ನಿಂತು ಬಿಡುತ್ತಿದ್ದೆವು. ಡ್ರೈವರುಗಳು ನಮ್ಮನ್ನು ಕಂಡ ಕೂಡಲೇ ತೀರ ನಿಧಾನ ಮಾಡುತ್ತಾರೆ, ಧೂಳು ಏಳದ ಹಾಗೆ. ಈ ಬಸ್ಸಿನ ವ್ಯವಸ್ಥೆ ಶುರುವಾಗಿದ್ದು 1972ರಲ್ಲಿ. ಅದರ ಹಿಂದಿನ ವರ್ಷ ಆಂಕರೇಜ್ ಮತ್ತು ಫೇರ್‌ಬ್ಯಾಂಕ್ಸ್ ನಡುವಿನ ಹೆದ್ದಾರಿ ಮುಗಿದಿತ್ತು, ಇನ್ನು ಕಾರುಗಳು ನುಗ್ಗಿ ಬರುತ್ತವೆ ಅಂತ ಗೊತ್ತಿದ್ದೇ ಪಾರ್ಕಿನವರು ಮೊದಲೇ ಬಾಗಿಲು ಹಾಕಿದರು. ನುಗ್ಗಿದ ಮೇಲೆ ಅಲ್ಲ, ನುಗ್ಗುವ ಮೊದಲು. ನನಗೆ ಇದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ. ಇವತ್ತು ಒಬ್ಬ ಸೈಕಲ್ ಸವಾರನಿಗೆ ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವೆ ರಸ್ತೆ ಪೂರ್ತಿ ತನ್ನದು ಅನ್ನಿಸುವ ಹಾಗಿದ್ದರೆ ಅದಕ್ಕೆ ಆ ತೀರ್ಮಾನವೇ ಕಾರಣ.

ಸ್ಯಾಂಕ್ಚುಯರಿ ನದಿ ದಾಟಿ ಟೆಕ್ಲನಿಕಾ ಹತ್ತಿರ ಊಟಕ್ಕೆ ನಿಂತೆವು. ಚಪಾತಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಒಣ ಅಂಜೂರ. ತಿಂದು ಮುಗಿಸಿ ಗೆಳೆಯ ಬೆಂಚಿನ ಕೆಳಗೆ ಬಿದ್ದ ಚಟ್ನಿಪುಡಿಯ ಕಾಳನ್ನೂ ಬೆರಳಲ್ಲಿ ಒತ್ತಿ ತೆಗೆದು ಡಬ್ಬಿಗೆ ಹಾಕಿದ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಜನರ ಹತ್ತಿರ ಬರುತ್ತದೆ, ಕೊನೆಗೆ ಸಾಯುವುದು ಕರಡಿಯೇ. ಕೆಳಗೆ ನದಿ ಅಗಲವಾದ ಜಲ್ಲಿ ಹಾಸಿನ ಮೇಲೆ ಬಿಚ್ಚಿದ ಜಡೆಯ ಹಾಗೆ ಹತ್ತಾರು ಎಳೆಯಾಗಿ ಹರಿಯುತ್ತಿತ್ತು. ನೀರಿನ ಬಣ್ಣ ಬೂದಿ, ಹಿಮನದಿ ಅರೆದ ಕಲ್ಲಿನ ಹಿಟ್ಟು ಅದರಲ್ಲಿ ಬೆರೆತಿರುತ್ತದೆ. ಅದನ್ನು ಸೋಸಲು ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕುಡಿಯುವ ನೀರಿಗೆ ತಿಳಿಯಾದ ತೊರೆಯನ್ನೇ ಕಾಯಬೇಕು. ನಮಗೆ ಅದು ಮುಂದೆ ಇಗ್ಲೂ ಕ್ರೀಕ್‌ನಲ್ಲಿ ಸಿಕ್ಕಿತು.

ಅಲ್ಲಿ ರಸ್ತೆ ಎರಡು ಬೆಟ್ಟದ ನಡುವೆ ಹಾದುಹೋಗುತ್ತದೆ. ಒಂದು ಕಡೆ ಇಗ್ಲೂ ಬೆಟ್ಟ, ಇನ್ನೊಂದು ಕಡೆ ಕತೀಡ್ರಲ್ ಬೆಟ್ಟ. ತಲೆ ಎತ್ತಿ ನೋಡಿದರೆ ಬಂಡೆಯ ನೆತ್ತಿಯಲ್ಲಿ ಬಿಳಿ ಚುಕ್ಕಿಗಳು. ಅವು ಡಾಲ್ ಅನ್ನುವ ಕಾಡುಕುರಿಗಳು. ನಿಜ ಹೇಳಬೇಕಂದ್ರೆ ಈ ಪಾರ್ಕ್ ಆಗಿದ್ದೇ ಆ ಕುರಿಗಳಿಗಾಗಿ. ಚಿನ್ನದ ಗಣಿಯವರಿಗೆ, ಕೂಲಿಗಳಿಗೆ ಮಾಂಸ ಮಾರಲು ಬೇಟೆಗಾರರು ಇವನ್ನು ಕೊಲ್ಲುತ್ತಿದ್ದರು. ಚಾರ್ಲ್ಸ್ ಶೆಲ್ಡನ್ ಅನ್ನುವವರು ಇಲ್ಲೇ ಚಳಿಗಾಲ ಕಳೆದು, ವರ್ಷಗಟ್ಟಲೆ ಓಡಾಡಿ, 1917ರಲ್ಲಿ ಪಾರ್ಕ್ ಆಗುವ ಹಾಗೆ ಮಾಡಿದರು. ಈಗ ಅದು ಅಕ್ಕಪಕ್ಕದ ಪ್ರಿಸರ್ವ್ ಅನ್ನುವ ರಕ್ಷಿತ ಪ್ರದೇಶ ಸೇರಿ 24,000 ಚದರ ಕಿಲೋಮೀಟರಿಗೂ ಜಾಸ್ತಿ. ಕರ್ನಾಟಕದ ಎಂಟನೇ ಒಂದು ಭಾಗ ಅಂದುಕೊಳ್ಳಿ. ಅಷ್ಟಕ್ಕೂ ಒಂದೇ ರಸ್ತೆ.

ಅಲ್ಲಿಂದ ಸೇಬಲ್ ಪಾಸ್ ಅನ್ನುವ ಬೆಟ್ಟದ ದಾರಿಗೆ ಏರು. ಮರಗಳು ಮುಗಿದು ಮೊಣಕಾಲೆತ್ತರದ ಪೊದೆ ಮಾತ್ರ ಉಳಿಯುತ್ತದೆ, ಹಾಗಾಗಿ ಎಲ್ಲ ಕಡೆಯೂ ದೂರದವರೆಗೆ ಕಾಣುತ್ತದೆ. ಆ ಭಾಗದಲ್ಲಿ ರಸ್ತೆ ಬಿಟ್ಟು ಒಂದು ಹೆಜ್ಜೆ ಇಳಿಯಲೂ ಬಿಡುವುದಿಲ್ಲ, ಯಾಕಂದ್ರೆ ಅದು ಗ್ರಿಜ್ಲಿ ಕರಡಿಗಳು ಮೇಯುವ ಜಾಗ. ನಾನು ಚಿಕ್ಕ ಗಿಯರಿನಲ್ಲಿ ತಲೆ ತಗ್ಗಿಸಿ ತುಳಿಯುತ್ತಿದ್ದೆ. ಹಿಂದಿನಿಂದ ಗೆಳೆಯನ ದನಿ ಬಂತು. "ಲೇ, ನಿಲ್ಲು. ಮೊದ್ಲ ಸೈಕಲ್ ಇಳಿ."

ಎಡಗಡೆ ಇಳಿಜಾರಿನಲ್ಲಿ ಕರಡಿ ಇತ್ತು. ಮುನ್ನೂರು ಗಜದ ಅಂತರ ಇರಬೇಕು ಅನ್ನುವುದು ಪಾರ್ಕಿನ ನಿಯಮ, ಅಷ್ಟು ಇತ್ತು, ಆದರೆ ಅದು ಮೇಯುತ್ತಾ ನಮ್ಮ ಕಡೆಗೇ ಬರುತ್ತಿತ್ತು. ಸೈಕಲ್ ಹತ್ತಿ ಓಡಿದರೆ ಬೆನ್ನಟ್ಟಬಹುದು, ಅದರ ಓಟಕ್ಕೆ ನಮ್ಮ ಪೆಡಲ್ ಸಾಟಿಯಲ್ಲ. ಇಬ್ಬರೂ ಒಟ್ಟಿಗೆ ನಿಂತು, ಸೈಕಲ್ ತಳ್ಳಿಕೊಂಡು, ಮೆಲ್ಲಗೆ ಮಾತಾಡುತ್ತಾ ಹಿಂದೆ ಸರಿದೆವು. ಅಷ್ಟರಲ್ಲಿ ಮೇಲಿನಿಂದ ಒಂದು ಬಸ್ಸು ಬಂತು. ಡ್ರೈವರ್ ಒಬ್ಬ ವಯಸ್ಸಾದ ಹೆಂಗಸು. ಏನೂ ಕೇಳದೆ ಬಸ್ಸನ್ನು ತಂದು ನಮಗೂ ಕರಡಿಗೂ ನಡುವೆ ನಿಲ್ಲಿಸಿದರು, ಕಿಟಕಿ ಸರಿಸಿ, ಬಸ್ಸಿನ ಈ ಬದಿಯಲ್ಲೇ ಇರಿ ಅಂದರು. ಎಂಜಿನ್ ಆಫ್ ಮಾಡಿದರು.

ಅಲ್ಲಿ ನಿಂತು ಬಸ್ಸಿನ ಮೂತಿಯ ಪಕ್ಕದಿಂದ ನೋಡಿದ್ದನ್ನು ನಾನು ಮರೆಯುವುದಿಲ್ಲ. ಮೈ ಕೂದಲು ಒಣಹುಲ್ಲಿನ ಬಣ್ಣ, ಕಾಲು ಮಾತ್ರ ಕಂದು. ಭುಜದ ಮೇಲಿನ ಡುಬ್ಬ ಒಂದೊಂದು ಸಲ ಅಗೆದಾಗಲೂ ಅಲುಗುತ್ತಿತ್ತು. ಮುಂಗಾಲಿನ ಉಗುರು ನೆಲಕ್ಕೆ ಹಾಕಿ, ಹಿಂದಕ್ಕೆ ಭಾರ ಕೊಟ್ಟು, ಹುಲ್ಲಿನ ಹೆಂಟೆಯನ್ನು ಬೇರು ಸಮೇತ ಎಬ್ಬಿಸಿ ಮಗುಚುತ್ತಿತ್ತು. ಆಮೇಲೆ ಮೂತಿ ಇಟ್ಟು ಬೇರನ್ನು ಮಾತ್ರ ಆರಿಸಿ ತಿನ್ನುತ್ತಿತ್ತು. ಬೇರು ಹರಿಯುವ ಸದ್ದು ಕೇಳಿಸುತ್ತಿತ್ತು! ಇಲ್ಲಿನ ಗ್ರಿಜ್ಲಿಗಳ ಊಟದಲ್ಲಿ ಬೇರು, ಹುಲ್ಲು, ಹಣ್ಣೇ ಜಾಸ್ತಿ ಅಂತ ಓದಿದ್ದೆ. ಆದರೆ ಅಷ್ಟು ದೊಡ್ಡ ಜೀವ ಅಷ್ಟು ಸಣ್ಣ ಬೇರಿಗೆ ಅಷ್ಟು ತಾಳ್ಮೆಯಿಂದ ದುಡಿಯುವುದನ್ನು ಕಣ್ಣಾರೆ ನೋಡುವುದು ಬೇರೆಯೇ. ಬಸ್ಸಿನೊಳಗೆ ಒಂದು ಮಗುವೂ ಸದ್ದು ಮಾಡಲಿಲ್ಲ. ಕೊನೆಗೆ ಅದು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಳ್ಳದ ಕಡೆ ಇಳಿಯಿತು.

ಪಾಸ್ ಇಳಿದರೆ 43ನೇ ಮೈಲಿಯಲ್ಲಿ ಈಸ್ಟ್ ಫೋರ್ಕ್ ಸೇತುವೆ. ನಮ್ಮ ದಾರಿ ಅಲ್ಲಿಗೆ ಮುಗಿಯಿತು. ಮುಂದೆ ಪ್ರೆಟಿ ರಾಕ್ಸ್ ಅನ್ನುವಲ್ಲಿ ಬೆಟ್ಟದ ಮೈಯೇ ಜಾರುತ್ತಿದೆ. ಒಳಗೆ ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ ಮಣ್ಣು ಮತ್ತು ಮಂಜು ಕರಗುತ್ತಿದೆ. 2014ಕ್ಕೆ ಮೊದಲು ವರ್ಷಕ್ಕೆ ಕೆಲವು ಇಂಚು ಸರಿಯುತ್ತಿದ್ದ ರಸ್ತೆ 2017ರಲ್ಲಿ ತಿಂಗಳಿಗೆ ಇಂಚುಗಟ್ಟಲೆ, 2019ರಲ್ಲಿ ದಿನಕ್ಕೆ ಇಂಚುಗಟ್ಟಲೆ, 2021ರಲ್ಲಿ ಗಂಟೆಗೆ ಅರ್ಧ ಇಂಚಿಗೂ ಜಾಸ್ತಿ ಜಾರಿತು. ಆ ಆಗಸ್ಟ್‌ನಲ್ಲಿ ರಸ್ತೆ ಮುಚ್ಚಿದರು. ಈಗ ಅಲ್ಲಿ ಉಕ್ಕಿನ ಸೇತುವೆ ಕಟ್ಟುತ್ತಿದ್ದಾರೆ. ದಾರಿಯುದ್ದಕ್ಕೂ ಸ್ಪ್ರೂಸ್ ಮರಗಳು ಒಂದೊಂದು ಕಡೆಗೆ ವಾಲಿ ನಿಂತಿದ್ದನ್ನು ಬೆಳಿಗ್ಗೆಯಿಂದ ನೋಡುತ್ತಾ ಬಂದಿದ್ದೆವು. ಅದಕ್ಕೂ ಕಾರಣ ಕಾಲ ಕೆಳಗಿನ ಆ ಮಂಜುನೆಲವೇ.

ಈಸ್ಟ್ ಫೋರ್ಕ್ ಸೇತುವೆಯ ಮೇಲೆ ಕೂತು ನಾವು ಊರಿನ ಮಾತಿಗೆ ಬಂದೆವು. ನಾನು ಕಳಸದ ಕಡೆಯವನು. ಕುದುರೆಮುಖ ಪಾರ್ಕಿನ ನಡುವೆ ಹಾದು ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ದಾಟಿ ಕಾರ್ಕಳಕ್ಕೆ ಇಳಿಯುವ ರಸ್ತೆ ನಮಗೆ ಆಸ್ಪತ್ರೆಯ ರಸ್ತೆ, ಕಾಲೇಜಿನ ರಸ್ತೆ. ಅದನ್ನು ಮುಚ್ಚಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಡೆನಾಲಿ ರಸ್ತೆಯ ಮೇಲೆ ನಮ್ಮ ಹಾಗೆ ಊರುಗಳಿಲ್ಲ, ಆ ವ್ಯತ್ಯಾಸ ದೊಡ್ಡದು. ಆದರೆ ವಾರಾಂತ್ಯದಲ್ಲಿ ಸುಮ್ನೆ ನೋಡಲು ಬರುವವರಿಗೆ ಬಸ್ಸು ಸಾಕಲ್ವಾ? ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ನಿಲ್ಲಿಸಿದ್ದಾರೆ, ಪ್ರಪಂಚ ಮುಳುಗಲಿಲ್ಲ. ಸಿಂಗಳೀಕ ಇರುವ ನಮ್ಮ ಕುದುರೆಮುಖದ ಕಾಡಿಗೂ ಅಷ್ಟು ಮರ್ಯಾದೆ ಕೊಡಬಹುದು.

ವಾಪಸ್ ಬರುವಾಗ ಹನಿ ಶುರುವಾಯಿತು. ಧೂಳು ಏಳದಿರಲಿ ಅಂತ ಆ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ, ನೆನೆದರೆ ಅದು ಬೂದು ಬಣ್ಣದ ಅಂಟಾಗುತ್ತದೆ. ಚೈನಿಗೆ, ಬ್ರೇಕಿಗೆ, ಟೈರು ಮತ್ತು ಫೋರ್ಕಿನ ಸಂದಿಗೆ ಮೆತ್ತಿ ಸೈಕಲ್ ಭಾರವಾಯಿತು. ಆಗಾಗ ನಿಂತು ಕಡ್ಡಿಯಲ್ಲಿ ಕೆರೆದು ಮುಂದೆ ಹೋದೆವು. ಡೆನಾಲಿ ಶಿಖರ ಮೋಡದೊಳಗೇ ಉಳಿಯಿತು, ಬೇಸಿಗೆಯಲ್ಲಿ ಬರುವ ಹೆಚ್ಚಿನವರಿಗೆ ಅದು ಹಾಗೇ. ರಾತ್ರಿ ಹತ್ತಕ್ಕೆ ಒಳ್ಳೆ ಬೆಳಕಿನಲ್ಲೇ ಸ್ಯಾವೇಜ್ ತಲುಪಿದೆವು. ಕ್ಯಾಂಪಿಗೆ ಹೋಗಿ ಊಟಕ್ಕೂ ಮೊದಲು ಚೈನು ತೊಳೆದು ಎಣ್ಣೆ ಬಿಟ್ಟೆವು, ಇಲ್ಲದಿದ್ದರೆ ಆ ಉಪ್ಪು ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ.

ಪ್ರೆಟಿ ರಾಕ್ಸ್ ಸೇತುವೆ ಮುಗಿದ ವರ್ಷ ಟೆಂಟು ಕಟ್ಟಿಕೊಂಡು ಪೂರ್ತಿ ರಸ್ತೆ ತುಳಿಯುವುದು, 85ನೇ ಮೈಲಿಯ ವಂಡರ್ ಲೇಕ್ ಹತ್ತಿರ ಮಲಗುವುದು, ಅಲ್ಲಿಂದ ರಸ್ತೆಯ ಕೊನೆಯ ಕಾಂಟಿಶ್ನಾ ಮುಟ್ಟುವುದು ಅಂತ ಮಾತಾಗಿದೆ. "ಚಪಾತಿ ನಾ ತರ್ತೀನಿ, ಚಟ್ನಿಪುಡಿ ಊರಿಂದ ನೀ ತರಿಸು" ಅಂದಿದ್ದಾನೆ ಗೆಳೆಯ.