ಅಂಡಮಾನ್‌ಗೆ ಹೊರಡುವ ಮುಂಚೆ ಪಂಚಾಂಗ ನೋಡಿ

ನಮ್ಮ ಮಾವನವರು ಪಕ್ಕದ ಊರಿನ ಮದುವೆಗೆ ಹೊರಟರೂ ಪಂಚಾಂಗ ತೆಗೆಯುತ್ತಾರೆ. ಅಂಡಮಾನ್ ಟಿಕೆಟ್ ಬುಕ್ ಮಾಡುವಾಗಲೂ ತೆಗೆದರು. "ಹೊಸ್ತಿಲ ಹುಣ್ಣಿಮೆಗೆ ಅಲ್ಲೇ ಇರ್ತೀವಿ, ಒಳ್ಳೇದೇ ಆಯ್ತು" ಅಂದರು. ನಾನು ಒಳಗೊಳಗೇ ನಕ್ಕೆ. ವಿಮಾನಕ್ಕೆ, ಹೋಟೆಲಿಗೆ ತಿಥಿ ಯಾಕೆ ಬೇಕು ಅಂತ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಅಂಡಮಾನ್ ನೋಡುವುದಕ್ಕೆ ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಗಿಂತ ತಿಥಿಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಎಂದು.

ನಾವು ಹೋದದ್ದು ಡಿಸೆಂಬರ್ ಮೊದಲ ವಾರ. ನಾನು, ಇವರು, ಒಂಬತ್ತು ವರ್ಷದ ಮಗಳು, ಎಪ್ಪತ್ತೊಂದರ ಮಾವ. ಆರು ರಾತ್ರಿ, ಏಳು ಹಗಲು. ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆ ಗಂಟೆ ಚಿಲ್ಲರೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು. ಹ್ಯಾವ್ಲಾಕ್ 2018ರ ಕೊನೆಯಲ್ಲೇ ಸ್ವರಾಜ್ ದ್ವೀಪ್ ಆಗಿದೆ, ನೀಲ್ ಶಹೀದ್ ದ್ವೀಪ್ ಆಗಿದೆ. ಟಿಕೆಟ್‌ನಲ್ಲಿ ಒಂದು ಹೆಸರು, ಆಟೋದವರ ಬಾಯಲ್ಲಿ ಇನ್ನೊಂದು. ಎರಡೂ ತಿಳಿದಿರಲಿ. ಇಲ್ಲಿ ನಾನು ಹಳೆಯದನ್ನೇ ಬಳಸುತ್ತೇನೆ, ಅಲ್ಲಿ ಹೆಚ್ಚು ಕಿವಿಗೆ ಬಿದ್ದದ್ದು ಅದೇ.

ಮೊದಲು ಸೂರ್ಯನ ವಿಷಯ. ನಮ್ಮದೇ ಗಡಿಯಾರ, ಆದರೆ ದ್ವೀಪ ಇರುವುದು ತುಂಬಾ ಪೂರ್ವಕ್ಕೆ. ಬೆಂಗಳೂರಿಗಿಂತ ಒಂದು ಗಂಟೆ ಮೊದಲೇ ಹೊತ್ತು ಮುಳುಗುತ್ತದೆ. ಡಿಸೆಂಬರ್‌ನಲ್ಲಿ ಐದು ಗಂಟೆಗೆ ಐದು ನಿಮಿಷ ಇರುವಾಗಲೇ ಸೂರ್ಯ ಇಲ್ಲ. ಐದೂವರೆಗೆ ಕತ್ತಲು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿಗೆ ಇಡುತ್ತೇವೆ. ಮೊದಲ ದಿನ ಅದೇ ಲೆಕ್ಕದಲ್ಲಿ ಹೊರಟು ಚಿಡಿಯಾ ತಾಪುವಿನ ಸೂರ್ಯಾಸ್ತ ಪೂರ್ತಿ ತಪ್ಪಿಸಿಕೊಂಡೆವು. ಊರಿಂದ ಸುಮಾರು 25 ಕಿ.ಮೀ. ದೂರ. ನಾವು ಹೋಗಿ ನಿಂತಾಗ ಆಕಾಶ ಬರೀ ಬೂದಿ ಬಣ್ಣ, ಜೊತೆಗೆ ಸೊಳ್ಳೆ. ಅಲ್ಲಿಗೆ ಹೋಗುವುದಾದರೆ ಮೂರಕ್ಕೇ ಹೊರಡಿ. ಬೆಳಗ್ಗೆ ಐದೂವರೆಗೆಲ್ಲ ಬಿಸಿಲು ಬಂದಿರುತ್ತದೆ, ಹಾಗಾಗಿ ದಿನವನ್ನೇ ಒಂದು ಗಂಟೆ ಹಿಂದಕ್ಕೆ ತಳ್ಳಿ. ಬೇಗ ಮಲಗಿ, ಬೇಗ ಏಳಿ.

ಸೆಲ್ಯುಲಾರ್ ಜೈಲನ್ನು ಮಾತ್ರ ಆತುರದಲ್ಲಿ ನೋಡಬೇಡಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಇದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ. ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣಬಾರದು, ಅಷ್ಟೇ ಉದ್ದೇಶ. ಅಂಗಳದಲ್ಲಿ ಎಣ್ಣೆ ಗಾಣ ಇಟ್ಟಿದ್ದಾರೆ. ಮಾವನವರ ಊರಲ್ಲಿ ಗಾಣ ಇತ್ತಂತೆ. ಅದರ ಮುಂದೆ ತುಂಬಾ ಹೊತ್ತು ನಿಂತಿದ್ದು, "ಎತ್ತು ಕಟ್ಟೋ ಜಾಗಕ್ಕೆ ಮನುಷ್ಯರನ್ನ ಕಟ್ಟಿದ್ದಾರಲ್ಲಮ್ಮ" ಅಂದರು. ಸಂಜೆಯ ಧ್ವನಿ-ಬೆಳಕಿನ ಕಾರ್ಯಕ್ರಮಕ್ಕೆ ಟಿಕೆಟ್ ಮೊದಲೇ ತೆಗೆದುಕೊಳ್ಳಿ. ಮಕ್ಕಳಿದ್ದರೆ ಹಗಲಲ್ಲೇ ಕಥೆ ಹೇಳಿಟ್ಟಿರಿ, ಇಲ್ಲದಿದ್ದರೆ ಅರ್ಧಕ್ಕೆ ನಿದ್ದೆ ಮಾಡುತ್ತಾರೆ.

ಹ್ಯಾವ್ಲಾಕ್‌ಗೆ ಖಾಸಗಿ ಫೆರಿಯಲ್ಲಿ ಹೋದೆವು. ಒಂದೂವರೆಯಿಂದ ಎರಡು ಗಂಟೆ. ಎಸಿ ಇರುತ್ತದೆ, ಕಿಟಕಿ ತೆಗೆಯುವ ಹಾಗಿಲ್ಲ. ಸಮುದ್ರ ಸ್ವಲ್ಪ ಎದ್ದಿದ್ದರೂ ಹೊಟ್ಟೆ ತೊಳಸುತ್ತದೆ. ವಾಂತಿ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲೇ ನುಂಗಬೇಕು, ತೊಳಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ. ಇದು ನಮ್ಮವರ ಅನುಭವ, ಹೆಚ್ಚು ಬರೆದರೆ ಬೈಸಿಕೊಳ್ಳಬೇಕು. ಸರ್ಕಾರಿ ಹಡಗು ನಿಧಾನ, ಆದರೆ ತುಂಬಾ ಅಗ್ಗ. ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು. ಟಿಕೆಟ್ ಸಿಗುವುದೇ ಕಷ್ಟ, ಸ್ಥಳೀಯರು ದಿನನಿತ್ಯದ ಓಡಾಟಕ್ಕೆ ಅದನ್ನೇ ನಂಬಿದ್ದಾರೆ.

ರಾಧಾನಗರ ಬೀಚ್ ಬಗ್ಗೆ ಎಲ್ಲರೂ ಹೊಗಳುತ್ತಾರೆ, ಆದ್ದರಿಂದ ನನಗೆ ಸ್ವಲ್ಪ ಅನುಮಾನವಿತ್ತು. ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಬೀಚ್ ಎಂದಿತ್ತಂತೆ, ಆಮೇಲೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆಯೂ ಬಂತು. ಹೋಗಿ ನೋಡಿದರೆ ಹೊಗಳಿಕೆ ಕಡಿಮೆಯೇ ಆಯಿತು ಅನ್ನಿಸಿತು. ನಮ್ಮ ಗೋಕರ್ಣ, ಮಲ್ಪೆಯ ಮರಳು ನೋಡಿದ ಕಣ್ಣಿಗೆ ಆ ಬಿಳುಪು ಒಗ್ಗುವುದಕ್ಕೆ ಸಮಯ ಬೇಕು. ಹಿಂದೆ ಆಕಾಶಕ್ಕೆ ತಾಗುವಂಥ ಮರಗಳು, ಮುಂದೆ ಬಿಳಿ ಮರಳು, ಆಚೆ ನೀಲಿ. ಮರಳಿನ ಮೇಲೆ ಅಂಗಡಿ ಇಲ್ಲ, ಕುದುರೆ ಇಲ್ಲ, ಗೋಬಿ ಮಂಚೂರಿಯ ವಾಸನೆ ಇಲ್ಲ. ಬಟ್ಟೆ ಬದಲಿಸಲು ಕೋಣೆಗಳಿವೆ. ಇದು ಪಶ್ಚಿಮಕ್ಕೆ ಮುಖ ಮಾಡಿದ ಬೀಚ್, ಹಾಗಾಗಿ ಎಲ್ಲರೂ ಸೂರ್ಯಾಸ್ತಕ್ಕೇ ಬರುತ್ತಾರೆ. ನೀವು ಎರಡಕ್ಕೇ ಬನ್ನಿ. ಮೊದಲ ಜನಜಂಗುಳಿ ದಾಟಿ ಬಲಕ್ಕೋ ಎಡಕ್ಕೋ ಹತ್ತು ನಿಮಿಷ ನಡೆಯಿರಿ, ಬೀಚ್ ನಿಮ್ಮದೇ. ವಾಪಸು ಹೋಗಲು ಆಟೋ ಮೊದಲೇ ಮಾತಾಡಿಟ್ಟುಕೊಳ್ಳಿ. ಜೆಟ್ಟಿ ಸುಮಾರು ಹತ್ತು ಕಿ.ಮೀ. ದೂರ, ಕತ್ತಲಾದ ಮೇಲೆ ಆಟೋದವರು ಹೇಳಿದ್ದೇ ರೇಟು.

ಕಾಲಾಪತ್ಥರ್ ಬೀಚ್ ಇರುವುದು ಪೂರ್ವದ ಕಡೆ, ಕಪ್ಪು ಬಂಡೆ, ಬೆಳಗಿನ ಹೊತ್ತು ಚೆಂದ. ನಡೆಯುವುದಕ್ಕೆ ಸರಿ, ಈಜುವುದಕ್ಕೆ ಅಲ್ಲ. ಬೆಳಗ್ಗೆ ಸ್ಕೂಟರ್ ಬಾಡಿಗೆ ಹಿಡಿದು ಹೋಗಿಬಂದರೆ ಸಾಕು.

ಎಲಿಫೆಂಟ್ ಬೀಚ್‌ಗೆ ಜೆಟ್ಟಿಯಿಂದ ದೋಣಿ. ಹೆಸರು ನೋಡಿ ಮಗಳು ಆನೆ ಹುಡುಕಿದಳು. ಮರ ಸಾಗಿಸುವ ಕಾಲಕ್ಕೆ ಇದ್ದವಂತೆ, ಈಗಿಲ್ಲ. ಇಲ್ಲಿ ನೀರಿನಲ್ಲಿ ಮುಖ ಮುಳುಗಿಸಿ ಹವಳ ನೋಡುವುದೇ ಮುಖ್ಯ. ಬೆಳಗಿನ ಮೊದಲ ದೋಣಿ ಹಿಡಿಯಿರಿ, ಹತ್ತರ ಮೇಲೆ ಸಂತೆ. ಒಂದು ಮಾತು ಹೇಳಲೇಬೇಕು. ಚಿತ್ರದಲ್ಲಿ ತೋರಿಸುವ ಬಣ್ಣಬಣ್ಣದ ಹವಳವನ್ನೇ ನಿರೀಕ್ಷಿಸಬೇಡಿ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನ್‌ನ ಎಷ್ಟೋ ಹವಳ ಬೆಳ್ಳಗಾಗಿ ಸತ್ತಿತು. ತೀರದ ಹತ್ತಿರ ಮುರಿದ ತುಂಡುಗಳೇ ಜಾಸ್ತಿ. ಮೀನು ಮಾತ್ರ ಕಣ್ತುಂಬ ಇವೆ. ಸ್ವಲ್ಪ ಆಳಕ್ಕೆ ಹೋದಂತೆ ಜೀವಂತ ಹವಳವೂ ಸಿಗುತ್ತದೆ. ಅದರ ಮೇಲೆ ಕಾಲಿಡಬೇಡಿ, ನಿಮ್ಮ ಕಾಲೂ ಕುಯ್ಯುತ್ತದೆ, ಅದೂ ಸಾಯುತ್ತದೆ. ಸ್ಕೂಬಾ ಮಾಡುವವರು ಅದನ್ನು ಪ್ರವಾಸದ ಮೊದಲರ್ಧದಲ್ಲೇ ಮುಗಿಸಿ. ಮುಳುಗು ಹಾಕಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತದಿದ್ದರೆ ಒಳ್ಳೆಯದು. ಮೊಸಳೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ನೀರಿಗೆ ಇಳಿಯಬೇಡಿ. ಸುಮ್ನೆ ಹಾಕಿರುವ ಬೋರ್ಡ್ ಅಲ್ಲ, ಉಪ್ಪುನೀರಿನ ಮೊಸಳೆ ಅಲ್ಲಿ ನಿಜವಾಗಿಯೂ ಇವೆ.

ಇನ್ನು ನೀಲ್. ನನ್ನ ಮನಸ್ಸು ಇಲ್ಲೇ ಉಳಿದಿದೆ. ಚಿಕ್ಕ ದ್ವೀಪ, ಗದ್ದೆ, ಬಾಳೆ, ತರಕಾರಿ ತೋಟ, ಸೈಕಲ್. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರನ್ನು ಈ ದ್ವೀಪಗಳಲ್ಲಿ ನೆಲೆ ನಿಲ್ಲಿಸಿದರು. ಊರುಗಳ ಹೆಸರು ನೋಡಿ ಮಾವನವರಿಗೆ ಖುಷಿಯೋ ಖುಷಿ. ಹ್ಯಾವ್ಲಾಕ್‌ನಲ್ಲಿ ಗೋವಿಂದನಗರ, ರಾಧಾನಗರ, ಕೃಷ್ಣನಗರ, ಶ್ಯಾಮನಗರ. ನೀಲ್‌ನಲ್ಲಿ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. "ಅಲ್ಲಿ ಭಾಗವತ, ಇಲ್ಲಿ ರಾಮಾಯಣ" ಅಂದರು.

ನಮ್ಮ ಪಟ್ಟಿಯಲ್ಲಿ "ಬೆಳಗ್ಗೆ 11, ನ್ಯಾಚುರಲ್ ಬ್ರಿಡ್ಜ್" ಎಂದು ಬರೆದಿತ್ತು. ಸಮುದ್ರ ಕೊರೆದು ಮಾಡಿದ ಕಲ್ಲಿನ ಕಮಾನು ಅದು. ಬಂಗಾಳಿಗಳು ಪ್ರೀತಿಯಿಂದ ಹೌರಾ ಬ್ರಿಡ್ಜ್ ಎನ್ನುತ್ತಾರೆ. ಹೋದರೆ ದಾರಿಯೇ ಇಲ್ಲ, ಬಂಡೆಗಳ ಮೇಲೆಲ್ಲ ನೀರು. ಆಟೋ ಓಡಿಸುತ್ತಿದ್ದ ಹಿರಿಯರು ನಕ್ಕರು. "ನಿನ್ನೆ ಹುಣ್ಣಿಮೆ. ಈ ಹೊತ್ತಿಗೆ ನೀರು ಮೇಲೇ ಇರುತ್ತದೆ. ಮೂರೂವರೆಗೆ ಕರೆದುಕೊಂಡು ಬರುತ್ತೇನೆ" ಎಂದರು ಹಿಂದಿಯಲ್ಲಿ. ಹೇಳಿದ ಹಾಗೇ ಮೂರೂವರೆಗೆ ಬಂದರೆ ಬೇರೆ ಜಾಗವೇ ಅನ್ನಿಸಿತು. ನೀರು ಎಷ್ಟೋ ದೂರ ಸರಿದಿತ್ತು. ಬಂಡೆಗಳ ಗುಂಡಿಗಳಲ್ಲಿ ಏಡಿ, ಪುಟ್ಟ ನೀಲಿ ಮೀನು, ಸಮುದ್ರ ಸೌತೆ. ಮುಟ್ಟಿದರೆ ಬಾಯಿ ಮುಚ್ಚಿಕೊಳ್ಳುವ ಚಿಪ್ಪು ನೋಡಿ ಮಗಳು ಅಲ್ಲಿಂದ ಏಳಲೇ ಇಲ್ಲ. ಪಾಚಿ ಜಾರುತ್ತದೆ, ಹಿಂದೆ ಬೆಲ್ಟ್ ಇರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಮಂಡಿ ನೋವಿನವರು ಆ ಬಂಡೆಗಳ ಸಾಹಸ ಮಾಡುವುದು ಬೇಡ. ಮಾವನವರು ಮೇಲೆ ಎಳನೀರಿನ ಅಂಗಡಿಯಲ್ಲೇ ಕೂತಿದ್ದರು, ನಮಗಿಂತ ಜಾಸ್ತಿ ಮಾಹಿತಿ ಕಲೆಹಾಕಿಕೊಂಡರು.

ಆ ಮಾಹಿತಿಯ ತಿರುಳು ಇಷ್ಟು. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗ್ಗೆ ಹತ್ತರ ಸುಮಾರಿಗೆ ಉಬ್ಬರ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿತ. ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಷ್ಟಮಿ ಹೊತ್ತಿಗೆ ತಿರುಗಾಮುರುಗಾ, ಬೆಳಗ್ಗೆ ಇಳಿತ ಬರುತ್ತದೆ, ಆದರೆ ನೀರು ಅಷ್ಟು ದೂರ ಸರಿಯುವುದಿಲ್ಲ. ನಿಖರವಾದ ವೇಳೆ ಮೊಬೈಲ್‌ನಲ್ಲೇ ಸಿಗುತ್ತದೆ. ಭರತಪುರದ ಬೀಚ್‌ನಲ್ಲಿ ಗಾಜಿನ ತಳದ ದೋಣಿ ಹತ್ತಬೇಕೆಂದರೆ ಲೆಕ್ಕ ಉಲ್ಟಾ, ಅಲ್ಲಿ ನೀರು ತುಂಬಿರಬೇಕು. ಕುಂದಾಪುರದ ನನ್ನ ಗೆಳತಿಗೆ ಇದನ್ನು ಹೇಳಿದಾಗ, "ಭರತಪುರಕ್ಕೆ ಭರತದಲ್ಲೇ ಹೋಯ್ಕಲ್ದಾ ಮಾರಾಯ್ತಿ" ಅಂದಳು. ಅವರ ಕಡೆ ಉಬ್ಬರಕ್ಕೆ ಭರತ ಅನ್ನುತ್ತಾರೆ.

ಹುಣ್ಣಿಮೆಗೆ ಹೋಗಿ ನಾವು ಒಂದನ್ನು ಕಳೆದುಕೊಂಡೆವು. ಹ್ಯಾವ್ಲಾಕ್‌ನಲ್ಲಿ ರಾತ್ರಿ ಕಯಾಕ್ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದಂತೆ, ನೀರಿನಲ್ಲಿರುವ ಸೂಕ್ಷ್ಮಜೀವಿಗಳ ಬೆಳಕು ಅದು. ಬೆಳದಿಂಗಳಿದ್ದರೆ ಕಾಣುವುದಿಲ್ಲ. ಹಾಗಾದರೆ ಅಮಾವಾಸ್ಯೆಯೇ ಒಳ್ಳೆಯದು, ಮಧ್ಯಾಹ್ನ ಇಳಿತ, ರಾತ್ರಿ ಕತ್ತಲು, ಎರಡೂ ಸಿಗುತ್ತದೆ ಎಂದೆ. ಮಾವ ಕಣ್ಣು ಬಿಟ್ಟರು. "ಅಮಾವಾಸ್ಯೆ ದಿನ ಮನೆ ಬಿಟ್ಟು ಹೊರಡೋದಾ?" ಹೊರಡುವುದು ಮೂರು ದಿನ ಮೊದಲು, ಅಮಾವಾಸ್ಯೆಗೆ ಹ್ಯಾವ್ಲಾಕ್‌ನಲ್ಲಿರುವುದು ಎಂದು ರಾಜಿಯಾಯಿತು. ನಿಮ್ಮ ಮನೆಯಲ್ಲೂ ಇದೇ ತಕರಾರು ಬಂದರೆ ಇದೇ ದಾರಿ ಹಿಡಿಯಿರಿ.

ಲಕ್ಷ್ಮಣಪುರದ ಸೂರ್ಯಾಸ್ತಕ್ಕೆ ಓಡಿ ತಲುಪುವಷ್ಟರಲ್ಲಿ ಅರ್ಧ ಸೂರ್ಯ ಉಳಿದಿತ್ತು. ಅರ್ಧವೇ ಸಾಕಾಯಿತು.

ಈಗ ಗೊಣಗಾಟ. ನೀಲ್‌ನಿಂದ ವಾಪಸಾಗುವ ನಮ್ಮ ಫೆರಿ ಗಾಳಿ ಜೋರಾಗಿದೆ ಎಂದು ರದ್ದಾಯಿತು. ಹವಾಮಾನಕ್ಕೆ ಯಾರನ್ನೂ ಬೈಯುವಂತಿಲ್ಲ, ಆದರೆ ವಿಷಯ ತಿಳಿದದ್ದು ಜೆಟ್ಟಿಯಲ್ಲಿ ಲಗೇಜ್ ಸಮೇತ ಎರಡು ಗಂಟೆ ಕಾದ ಮೇಲೆ. ಪ್ಯಾಕೇಜ್ ಕೊಟ್ಟವರು ಫೋನೇ ಎತ್ತಲಿಲ್ಲ. ನೆಟ್‌ವರ್ಕ್ ಬರುವುದು ಹೋಗುವುದು, ಯುಪಿಐ ತಿರುಗುತ್ತಲೇ ಇರುತ್ತದೆ. ಇವರ ಪರ್ಸಿನಲ್ಲಿದ್ದ ನೋಟುಗಳಿಂದ ಅದೇ ಹೋಟೆಲಿನಲ್ಲಿ ಇನ್ನೊಂದು ರಾತ್ರಿ ಸಿಕ್ಕಿತು. ನಗದು ಧಾರಾಳವಾಗಿ ಇಟ್ಟುಕೊಳ್ಳಿ, ಚಿಕ್ಕ ದ್ವೀಪಗಳಲ್ಲಿ ಎಟಿಎಂ ನಂಬಬೇಡಿ. ಮರುದಿನ ಬೆಳಗ್ಗೆ ಫೆರಿ ಹೊರಟಿತು. ನಮ್ಮ ವಿಮಾನ ಅದರ ಮರುದಿನ ಇದ್ದದ್ದರಿಂದ ಬಚಾವ್. ಜೆಟ್ಟಿಯಲ್ಲಿ ನಮ್ಮ ಜೊತೆಯಲ್ಲಿದ್ದ ದಾವಣಗೆರೆಯ ದಂಪತಿ ಅದೇ ದಿನದ ವಿಮಾನ ಹಿಡಿಯಬೇಕಿತ್ತು. ಅವರ ಮುಖ ಇನ್ನೂ ಕಣ್ಣಮುಂದಿದೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರುವ ಹಾಗೆ ಯೋಜನೆ ಮಾಡಿ. ಸಾಧ್ಯವಾದರೆ ಅದಕ್ಕೂ ಮೊದಲು ಒಂದು ದಿನ ಖಾಲಿ ಬಿಡಿ. ಜೈಲು, ರಾಸ್ ದ್ವೀಪಗಳನ್ನು ಆ ಖಾಲಿ ದಿನಕ್ಕೆ ಇಟ್ಟುಕೊಂಡರೂ ಆದೀತು.

ನಮಗೆ ರಾಸ್ ಸಿಕ್ಕಿದ್ದು ಎರಡೇ ಗಂಟೆ. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಜಾಗ, 1941ರ ಭೂಕಂಪದಲ್ಲಿ ಜಖಂ ಆಯಿತು, ಮರುವರ್ಷ ಜಪಾನಿಯರು ಬಂದರು. ಈಗ ಚರ್ಚಿನ ಗೋಡೆಯನ್ನೂ ಬಂಗಲೆಯ ಗೋಡೆಯನ್ನೂ ಮರದ ಬೇರುಗಳೇ ಹಿಡಿದುಕೊಂಡಿವೆ. ಜಿಂಕೆಗಳು ಕೈಯಲ್ಲಿರುವ ಬಿಸ್ಕತ್ತಿಗೆ ಮುತ್ತಿಕೊಳ್ಳುತ್ತವೆ, ಕೊಡಬೇಡಿ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ನಾವು ಹೋಗಲಿಲ್ಲ. ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ಮಧ್ಯೆ ಹೋಗುತ್ತದೆ, ವಾಹನಗಳನ್ನು ಸಾಲಾಗಿ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಆದರೂ "ಅದೃಷ್ಟ ಇದ್ದರೆ ಕಾಣಿಸ್ತಾರೆ" ಎಂದು ಒಬ್ಬ ಏಜೆಂಟ್ ಆಸೆ ತೋರಿಸಿದ. ಮನುಷ್ಯರನ್ನು ಹುಲಿ ನೋಡಿದ ಹಾಗೆ ನೋಡಲು ಹೋಗುವುದು ನನಗೆ ಹಿಡಿಸಲಿಲ್ಲ.

ಸಸ್ಯಾಹಾರಿಗಳು ಗಾಬರಿಯಾಗಬೇಕಿಲ್ಲ. ತಮಿಳರು, ತೆಲುಗರು ಸಾಕಷ್ಟಿದ್ದಾರೆ, ಪೋರ್ಟ್ ಬ್ಲೇರ್‌ನಲ್ಲಿ ಇಡ್ಲಿ ದೋಸೆ ಸಿಗುತ್ತದೆ. ದ್ವೀಪಗಳಲ್ಲಿ ಅನ್ನ, ಬೇಳೆ, ಆಲೂ ಪಲ್ಯ. ಮುಖ್ಯಭೂಮಿಯಿಂದ ಹಡಗಿನಲ್ಲಿ ಬರಬೇಕಾದ ಸಾಮಾನೇ ಜಾಸ್ತಿ, ಬೆಲೆಗೆ ಗೊಣಗಿ ಪ್ರಯೋಜನವಿಲ್ಲ. ಚಟ್ನಿಪುಡಿ ತೆಗೆದುಕೊಂಡು ಹೋಗಿ.

ಮಗಳು ನೀಲ್‌ನಲ್ಲಿ ಒಂದು ಡಬ್ಬಿ ತುಂಬ ಚಿಪ್ಪು, ಹವಳದ ತುಂಡು ಆರಿಸಿದ್ದಳು. ಹವಳ ತರುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಸತ್ತ ತುಂಡಾದರೂ ಅಷ್ಟೇ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ. ಫೆರಿ ರದ್ದಾದ ಸಂಜೆ ಭರತಪುರದ ಮರಳಿನಲ್ಲಿ ಕೂತು ಒಂದೊಂದಾಗಿ ಎಸೆದಳು. ಕೊನೆಯಲ್ಲಿ ಒಂದು ಚಿಪ್ಪು ನಡೆಯಲು ಶುರು ಮಾಡಿತು. ಒಳಗೆ ಏಡಿ ಇತ್ತು.