ಮನೆಯಲ್ಲೇ ಹೆರಿಗೆ

ಇಂಗ್ಲೆಂಡಿನಲ್ಲಿರುವ ತಂಗಿ, ಚೊಚ್ಚಲ ಹೆರಿಗೆಯನ್ನು ಸೂಲಗಿತ್ತಿಯ ನೆರವಿನಿಂದ ಮನೆಯಲ್ಲೇ ಮಾಡಿಸಿಕೊಳ್ಳುವ ಯೋಚನೆಯಿದೆ ಎಂದು ನಿನ್ನೆ ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದರು. ತಾವೂ ತಮ್ಮ ಒಡಹುಟ್ಟಿದವರೂ ನಡುಮನೆಯ ಕೋಣೆಯಲ್ಲೇ ಹುಟ್ಟಿದವರೆಂಬುದನ್ನು ಆ ಕ್ಷಣಕ್ಕೆ ಮರೆತಿದ್ದರು. ರಾತ್ರಿ ನಾನು, ಆ ದೇಶದ ಸುಮಾರು 64,000 ಕಡಿಮೆ ಅಪಾಯದ ಹೆರಿಗೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವನ್ನು ಓದಿದೆ. ಮೊದಲೇ ಒಮ್ಮೆ ಹೆತ್ತವರಲ್ಲಿ ಮನೆಗೂ ಆಸ್ಪತ್ರೆಗೂ ಮಗುವಿನ ಸುರಕ್ಷತೆಯ ಮಟ್ಟಿಗೆ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. ಆದರೆ ಚೊಚ್ಚಲಿನವರಲ್ಲಿ ಮಗುವಿನ ಸಾವು ಅಥವಾ ಗಂಭೀರ ತೊಂದರೆಯ ಪ್ರಮಾಣ ಆಸ್ಪತ್ರೆಯನ್ನು ಆರಿಸಿಕೊಂಡವರಲ್ಲಿ ಸಾವಿರಕ್ಕೆ 5.3 ಇದ್ದರೆ, ಮನೆಯನ್ನು ಆರಿಸಿಕೊಂಡವರಲ್ಲಿ 9.3 ಇತ್ತು, ಅವರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಯ ವೇಳೆ ಅಥವಾ ಅದಾದ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಎರಡೂ ಸಂಖ್ಯೆಗಳು ಚಿಕ್ಕವೇ, ಆದರೆ ತಂಗಿಯ ವಿಷಯದಲ್ಲಿ ಅವು ಚಿಕ್ಕದಾಗಿ ಕಾಣುವುದಿಲ್ಲ.

ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟವಳು ನಾನು. ಆದರೂ ನುರಿತ ಕೈಯಷ್ಟೇ ಸಾಲದು, ರಕ್ತಸ್ರಾವ ನಿಲ್ಲದಿದ್ದರೆ ಹೋಗಿ ಸೇರಲು ಶಸ್ತ್ರಚಿಕಿತ್ಸಾ ಕೊಠಡಿಯೂ ಹತ್ತಿರವಿರಬೇಕು ಎನಿಸುತ್ತದೆ. ಆಸ್ಪತ್ರೆ ಮನೆಯಿಂದ ಎಷ್ಟು ನಿಮಿಷದ ದಾರಿ ಎಂದು ತಂಗಿಗೆ ಸಂದೇಶ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.